ದಿಂಬಿನ ಕೆಳಗಿನ ಫೋನು, ಬೀರುವಿನೊಳಗಿನ ಸಕ್ಕರೆ

ಇವತ್ತು ಬೆಳಿಗ್ಗೆಯೂ ಎಂದಿನಂತೆಯೇ ಆಯಿತು. ಬಾಗಿಲಿಗೆ ನೀರು ಹಾಕಿ, ನನಗೆ ಬರುವ ಒಂದೇ ಒಂದು ರಂಗೋಲಿ ಎಳೆದು, ಹಾಲು ಕಾಯಿಸಿ, ಯಜಮಾನರ ಊಟದ ಡಬ್ಬಿ ಕಟ್ಟಿದೆ. ಮಾರಿಕುಪ್ಪಂನಿಂದ ಬರುವ ರೈಲು ತಪ್ಪೀತೆಂದು ಅವರು ಒಂದು ಕಾಲಿಗೆ ಶೂ ಹಾಕಿಕೊಂಡೇ ಇನ್ನೊಂದರ ಕಾಲುಚೀಲ ಹುಡುಕಿದರು. ಅವರು ಹೋದ ಮೇಲೆ ಬೀರು ತೆರೆದು, ರೇಷ್ಮೆ ಸೀರೆಗಳ ನಡುವಿನಿಂದ ಸಕ್ಕರೆ ಡಬ್ಬಿ ತೆಗೆದು, ನನ್ನ ಕಾಫಿಗಷ್ಟೇ ಹಾಕಿಕೊಂಡು, ಮತ್ತೆ ಧಾರೆ ಸೀರೆಯ ಕೆಳಗಿಟ್ಟು ಬೀಗ ಹಾಕಿದೆ. ಸಕ್ಕರೆ ಡಬ್ಬಿಗೆ ಬೀರುವಿನಲ್ಲೇನು ಕೆಲಸ ಎಂದು ನೀವು ಕೇಳಬಹುದು. ಅದರ ಉತ್ತರ ನಮ್ಮತ್ತೆಯ ದಿಂಬಿನ ಕೆಳಗಿದೆ. ಅಲ್ಲಿ ನನ್ನ ಫೋನಿದೆ.

ಫೋನಿನಲ್ಲಿ ನಾನು ಅಂಥಾ ಕೆಟ್ಟದ್ದೇನೂ ನೋಡುತ್ತಿರಲಿಲ್ಲ. ಯಾವುದೋ ಊರಿನ ಯಾವುದೋ ಹೆಂಗಸು ಸೀದುಹೋದ ಪಾತ್ರೆಯನ್ನು ನಿಂಬೆಸಿಪ್ಪೆಯಿಂದ ಉಜ್ಜಿ ಕನ್ನಡಿಯಂತೆ ಹೊಳೆಯಿಸುವುದನ್ನು ನೋಡುತ್ತಿದ್ದೆ. ಅವಳು ಇನ್ನೊಂದು ಪಾತ್ರೆ ತೆಗೆದುಕೊಂಡರೆ ಅದನ್ನೂ ನೋಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಒಲೆಯ ಮೇಲಿನ ಪಾತ್ರೆ ಸೀಯುತ್ತಿತ್ತು. ಅದನ್ನು ಹಿತ್ತಲಲ್ಲಿ ಕೂತು ಅತ್ತೆ ತೆಂಗಿನ ನಾರು ಹಾಕಿ ಉಜ್ಜುತ್ತಿದ್ದರು. ಅವರು ಉಜ್ಜುವುದನ್ನು ಯಾರೂ ನೋಡುತ್ತಿರಲಿಲ್ಲ.

ಅತ್ತೆ ಕ್ಯಾಸಂಬಳ್ಳಿ ಕಡೆಯವರು. ಹಸು ಕಟ್ಟಿ, ಹಾಲು ಕರೆದು ಬೆಳೆದ ಜೀವ. ಸಕ್ಕರೆಯಿಲ್ಲದ ಕಾಫಿ ಎಂದರೆ ಅವರಿಗೆ ಕೊಟ್ಟಿಗೆ ತೊಳೆದ ನೀರು. ಕಾಲು ಜೋಮು ಹಿಡಿಯುತ್ತದೆಂದು ಬಂಗಾರಪೇಟೆಗೆ ಕರೆದುಕೊಂಡು ಹೋದಾಗ ಡಾಕ್ಟರು ಅವರ ಅಂಗಾಲಿಗೆ ಹತ್ತಿ ಮುಟ್ಟಿಸಿ, “ಗೊತ್ತಾಯ್ತಾ ಅಜ್ಜಿ?” ಎಂದರು. “ಏನ್ ಗೊತ್ತಾಗ್ಬೇಕಪ್ಪಾ?” ಎಂದರು ಅತ್ತೆ. ಡಾಕ್ಟರು ನನ್ನ ಕಡೆ ತಿರುಗಿ, ಇನ್ನು ಸಕ್ಕರೆ ಬಿಡದಿದ್ದರೆ ಆ ಕಾಲಿನ ಭರವಸೆ ಕೊಡಲಾರೆ ಎಂದರು.

ಬಸ್ಸಿನಲ್ಲಿ ಬರುವಾಗ ನಾನು ಉಪದೇಶ ಶುರುಮಾಡಿದೆ. “ಮನಸ್ಸು ಗಟ್ಟಿ ಮಾಡಿದರೆ ಆಗದ್ದೇನಿದೆ ಅತ್ತೆ? ಒಂದು ಚಟ ಬಿಡೋದು ಅಷ್ಟು ಕಷ್ಟಾನಾ?” ಹೀಗೆ ಹೇಳುವಾಗ ನನ್ನ ಕಣ್ಣು ಫೋನಿನಲ್ಲಿತ್ತು. ಅತ್ತೆ ಇಡೀ ಬಸ್ಸಿಗೆ ಕೇಳುವಂತೆ, “ನೀನು ಆ ಫೋನು ಬುಟ್ಬುಡು, ನಾನು ಸಕ್ಕರೆ ಬುಡ್ತೀನಿ. ಆಗ್ತದಾ ನಿನ್ ಕೈಲಿ?” ಎಂದರು. ಮುಂದಿನ ಸೀಟಿನವರು ತಿರುಗಿ ನೋಡಿದರು. ಚಿಲ್ಲರೆ ಕೊಡುತ್ತಿದ್ದ ಕಂಡಕ್ಟರ್ ಕೂಡ ಕೈ ತಡೆದು ನನ್ನ ಉತ್ತರಕ್ಕೆ ಕಾದ. ಆಗುತ್ತೆ ಎನ್ನದೆ ಬೇರೆ ದಾರಿಯಿರಲಿಲ್ಲ.

ತ್ಯಾಗ ನನಗೆ ಹೊಸದೇನಲ್ಲ. ಕಾನ್ವೆಂಟಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ ಪ್ರತಿಯೊಬ್ಬರೂ ಏನಾದರೊಂದು ಬಿಡಬೇಕೆಂದು ಸಿಸ್ಟರ್ ಹೇಳುತ್ತಿದ್ದರು. ನಾನು ಪ್ರತಿ ವರ್ಷವೂ ತಪ್ಪದೆ ಹಾಗಲಕಾಯಿ ಬಿಡುತ್ತಿದ್ದೆ.

ಒಪ್ಪಂದವೇನೋ ಆಯಿತು. ಅತ್ತೆ ನನ್ನ ಫೋನಿನ ಕಾವಲು, ನಾನು ಸಕ್ಕರೆಯ ಕಾವಲು. ಫೋನು ರಿಂಗಾದರೆ ಅತ್ತೆಯೇ ಎತ್ತಿ ಮಾತಾಡಿ, ಅಡುಗೆಮನೆಗೆ ಕೇಳುವಂತೆ ಕೂಗುತ್ತಾರೆ: “ಏನಮ್ಮಾ, ಯಾವನೋ ಸಾಲ ಕೊಡ್ತಾನಂತೆ, ಇಸ್ಕೊಳ್ಳಾನಾ?” ನನ್ನ ಕಡೆಯ ಕಷ್ಟ ಇರುವೆಗಳದ್ದು. ಡಬ್ಬಿಯ ಮುಚ್ಚಳ ಎಷ್ಟು ಬಿಗಿ ಮಾಡಿದರೂ ಅವು ಸೀರೆಯ ಜರಿಯಂಚಿನ ಮೇಲೆ ಸಾಲುಗಟ್ಟಿ ಬರುತ್ತವೆ.

ಆದರೆ ಉಪವಾಸ ಎಂದರೆ ನಮ್ಮಲ್ಲಿ ಅನ್ನವಷ್ಟೇ ಇಲ್ಲ; ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು ಎಲ್ಲವೂ ಉಂಟು. ನಾನು ಬಿಟ್ಟಿದ್ದು ನನ್ನ ಫೋನು. ಪಕ್ಕದ ಮನೆ ಸೆಲ್ವಿಯ ಫೋನು ಬಿಡುತ್ತೇನೆಂದು ಬಸ್ಸಿನಲ್ಲಿ ಯಾರಿಗೂ ಮಾತು ಕೊಟ್ಟಿರಲಿಲ್ಲ. ಸೆಲ್ವಿ ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ, ತರಕಾರಿಯವನ ಜೊತೆ ತೆಲುಗು ಮಾತಾಡುವ ನಿಷ್ಕಪಟಿ. ಅವಳ ಫೋನಿನ ಗಾಜು ಒಡೆದು ಜೇಡರ ಬಲೆಯಂತಾಗಿದೆ. ಆ ಬಲೆಯ ಹಿಂದೆಯೂ ಪಾತ್ರೆಗಳು ಹೊಳೆಯುತ್ತವೆ. ಇವತ್ತು ಕರಿಬೇವು ಕೇಳಲು ಹೋದೆ. ಆಮೇಲೆ ಅವಳ ಬಟ್ಟಲು ವಾಪಸು ಕೊಡಲು ಹೋದೆ. ಊಟದ ಹೊತ್ತಿಗೆ, ನಾಳೆ ನಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ವಿಚಾರಿಸಲೂ ಹೋದೆ. “ಮನೇಲಿ ಹೇಳಬೇಡ ಸೆಲ್ವಿ” ಎಂದೆ. “ಅಯ್ಯೋ, ನಾನ್ಯಾಕೆ ಹೇಳ್ಲಿ ಅಕ್ಕಾ” ಎಂದಳು.

ಅತ್ತೆಯ ಶಿಸ್ತು ಕಂಡಾಗ ಮಾತ್ರ ಸ್ವಲ್ಪ ನಾಚಿಕೆಯಾಗುತ್ತಿತ್ತು. ಸಪ್ಪೆ ಕಾಫಿಯನ್ನು ಮುಖ ಕಿವುಚದೆ ಕುಡಿಯುತ್ತಾರೆ. ಊಟವಾದ ಮೇಲೆ ನಾನು ಅಡ್ಡಾದರೆ ಸಾಕು, “ಡಾಕ್ಟ್ರು ನಡೀಬೇಕು ಅಂದವ್ರೆ, ಓಗಿ ಬತ್ತೀನಿ ಕಣಮ್ಮಾ” ಎಂದು ಚಪ್ಪಲಿ ಮೆಟ್ಟುತ್ತಾರೆ. ಹುಟ್ಟಿದಾಗಿನಿಂದ ಯಾವ ಡಾಕ್ಟರ ಮಾತನ್ನೂ ಕೇಳದವರು! ಇವತ್ತು ನಡೆದು ಬಂದಾಗ ಅವರ ಸೆರಗಿನ ತುದಿಯಲ್ಲಿ ಒಂದು ಕೆಂಪಿರುವೆ ಓಡಾಡುತ್ತಿತ್ತು. ನಮ್ಮ ಬೀರುವಿನದೇ ಇರಬೇಕೆಂದು ಕೊಡವಿದೆ. ಅತ್ತೆ ಸೀರೆ ಇಡುವುದು ಟ್ರಂಕಿನಲ್ಲಿ ಎಂಬುದು ಆಗ ಹೊಳೆಯಲಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯ ಆಚೆ ಸೆಲ್ವಿಯೂ ತೆಗೆಯುತ್ತಿದ್ದಳು. ಕಚ್ಚಿಕೊಂಡಿದ್ದ ಕ್ಲಿಪ್ಪನ್ನು ಬಾಯಿಂದ ತೆಗೆದು, ಮಳೆ ಬಂದೀತಾ ಎಂದು ಕೇಳುವಷ್ಟೇ ಸಹಜವಾಗಿ ಅವಳು ಹೇಳಿದಳು:

“ಅಕ್ಕಾ, ನಾಳೆಯಿಂದ ಒಂದೇ ಸಲ ಬನ್ನಿ, ಆಯ್ತಾ? ನಿಮ್ಮತ್ತೆ ದಿನಾ ಮಧ್ಯಾಹ್ನ ಕಾಫಿಗೆ ಬಂದು ಕೂತ ತಕ್ಷಣ, ‘ನನ್ ಸೊಸೆ ಎಷ್ಟು ಸಲ ಬಂದಿದ್ಲು?’ ಅಂತ ಕೇಳ್ತಾರೆ. ಅಷ್ಟು ಚಮಚ ಹಾಕಿಸ್ಕೊತಾರೆ. ನಮ್ಮನೇಲಿ ಸಕ್ಕರೆ ಮುಗೀತಾ ಬಂತು.”