ಮ್ಯಾಲಿಂದೋ, ಕೆಳಗಿಂದೋ?

ನನಗೆ ಸಿಟ್ಟು ಬರುವುದು ಮನುಷ್ಯರ ಮೇಲಲ್ಲ, ನೆಲದ ಮೇಲೆ. ನಗುವವರು ನಗಲಿ. ನೆಲ ಅಂದಮೇಲೆ ಮಟ್ಟಸವಾಗಿ ಬಿದ್ದಿರಬೇಕು ತಾನೆ? ನಮ್ಮ ಸೀಮೆಯ ನೆಲಕ್ಕೆ ಆ ಬುದ್ಧಿಯೇ ಇಲ್ಲ. ಗಂಗಾವತಿ ತಗ್ಗಿನಲ್ಲಿ ಕಾಲುವೆ ಪಕ್ಕ ಹಾಯಾಗಿ ಕಾಲು ಚಾಚಿದೆ. ಕೊಪ್ಪಳ ಒಂದಿಷ್ಟು ಮೇಲೆ, ಬಂಡೆಗಳಿಗೆ ಒರಗಿಕೊಂಡಿದೆ. ಕುಷ್ಟಗಿ ಮತ್ತು ನಮ್ಮ ಯಲಬುರ್ಗಾ ಮಾತ್ರ ಯಾರ ಮೇಲೋ ಮುನಿಸಿಕೊಂಡು ಇನ್ನೂ ಮೇಲೆ ಹತ್ತಿ ಕೂತಿವೆ. ಕೂರಲಿ ಬಿಡಿ, ಕಾಲುವೆಯ ನೀರು ಅಲ್ಲಿಗೆ ಹತ್ತಬೇಕಲ್ಲ! ಶಾಲೆಯಲ್ಲಿ ಹುಡುಗರಿಗೆ "ನೀರು ತಗ್ಗಿಗೆ ಹರಿಯುತ್ತದೆ" ಎಂದು ಹೇಳಿಕೊಡುವಾಗಲೂ ನಾನು ಹಲ್ಲು ಕಡಿಯುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ನಾನು ಯಲಬುರ್ಗಾದಲ್ಲಿ ಹೊಸ ಮಾಸ್ತರ. ಗಂಗಾವತಿ ಹತ್ತಿರದ ಮರಳಿಯ ಶಾಂತಳನ್ನು ನೆಂಟರ ಮದುವೆಯೊಂದರಲ್ಲಿ ನೋಡಿದ್ದೆ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಮನೆಯಲ್ಲಿ ಹಟ ಹಿಡಿದೆ. ಕೊನೆಗೆ ಸೋದರಮಾವ ರುಮಾಲು ಸುತ್ತಿಕೊಂಡು ನನ್ನ ಜೊತೆ ಬಸ್ಸು ಹತ್ತಿದ. ಮರಳಿಯಲ್ಲಿ ಉಪ್ಪಿಟ್ಟು ಆಯಿತು, ಚಹಾ ಆಯಿತು. ಶಾಂತಳ ಅಪ್ಪ ಮೆಲ್ಲಗೆ ಕೇಳಿದರು:

"ನಿಮ್ಮ ಹೊಲ ಮ್ಯಾಲಿಂದೋ, ಕೆಳಗಿಂದೋ?"

ಮಾವನ ಮಾನಕ್ಕೇ ಪೆಟ್ಟು ಬಿದ್ದಂತಾಯಿತು. "ಕೆಳಗಿಂದು ಅಂದ್ರೇನ್ರಿ? ಮುತ್ತಜ್ಜನ ಕಾಲದಿಂದ ನಮ್ಮದೆಲ್ಲಾ ಮ್ಯಾಲಿಂದೇ ಐತಿ! ಕೆಳಗಿಂದು ನಮ್ಮ ಮನಿತನದಾಗ ಒಂದು ಗೇಣೂ ಇಲ್ಲ, ಯಾರನ್ನ ಬೇಕಾದ್ರೂ ಕೇಳ್ರಿ!"

"ಹಂಗಾದ್ರ ಎಲ್ಲಾ ಖುಷ್ಕಿ ಅನ್ರಿ," ಎಂದು ಅವರು ಮುಖ ಸಣ್ಣದು ಮಾಡಿಕೊಂಡರು.

ಅಯ್ಯೋ ಮಾವಾ! ಕಾಲುವೆ ಸೀಮೆಯಲ್ಲಿ ಹೊಲ ಕಾಲುವೆಗಿಂತ ಕೆಳಗಿದ್ದರೆ ನೀರು, ಭತ್ತ, ಮರ್ಯಾದೆ. ಮೇಲಿದ್ದರೆ ಖುಷ್ಕಿ, ಬರೀ ಮಳೆ ನಂಬಿದ ಒಣಭೂಮಿ. ಎತ್ತರದಲ್ಲಿ ಹುಟ್ಟಿ ಬೆಳೆದ ನಮ್ಮ ಮಾವನಿಗೆ ಮೇಲಿನದು ಅಂದರೆ ಮೇಲುದರ್ಜೆಯದು! ನನಗೆ ಮೈಯೆಲ್ಲ ಉರಿದುಹೋಯಿತು. ಮಾವನ ರುಮಾಲು ಕಿತ್ತೆಸೆಯಬೇಕು ಅನ್ನಿಸಿತು. ಈ ನೆಲವನ್ನು ಹೀಗೆ ಓರೆಯಾಗಿ ಇಟ್ಟವನು ಕೈಗೆ ಸಿಕ್ಕಿದ್ದರೆ ಅವನನ್ನೂ ಬಿಡುತ್ತಿರಲಿಲ್ಲ. ಒಂದು ಶಬ್ದಕ್ಕೆ ನನ್ನ ಸಂಸಾರ ಶುರುವಾಗುವ ಮೊದಲೇ ಮುಗಿಯುತ್ತಿತ್ತಲ್ಲ!

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಶಾಂತಳ ದನಿ ಬಂತು. "ಖುಷ್ಕಿ ಇದ್ರ ಇರಲೇಳಪ್ಪಾ. ಕೆಸರಾಗ ಬಗ್ಗಿ ಭತ್ತ ಹಚ್ಚಿ ನನ್ನ ನಡಾ ಹಿಡದು ಹೋಗೇತಿ. ಮ್ಯಾಲಿನ ಊರಾಗ ಸೊಳ್ಳಿನೂ ಕಡಿಮಿ ಅಂತ."

ಒಪ್ಪಿದ್ದು ನನಗಾಗಿ ಅಲ್ಲ, ಸೊಳ್ಳೆಗಾಗಿ! ಆದರೂ ಮದುವೆಯಾಯಿತು.

ಮೊದಲ ಬೇಸಿಗೆಯಲ್ಲೇ ನಮ್ಮ ಓಣಿಯ ನಲ್ಲಿ ಸುಮ್ಮನೆ ಗಾಳಿ ಊದತೊಡಗಿತು. ನಾನು ಕಟ್ಟೆಯ ಮೇಲೆ ಕೂತು ಈ ದರಿದ್ರ ದಿಬ್ಬಕ್ಕೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಶಾಂತಾ ಖಾಲಿ ಕೊಡ ತಂದು ನನ್ನ ಮುಂದೆ ಕುಕ್ಕಿದಳು.

"ಬಯ್ಯೋದು ಆಮ್ಯಾಲೆ ಬಯ್ಯೀರಂತ. ಬಾವಿ ತೆಗ್ಗಿನಾಗ ಐತಿ, ತುಂಬಿದ ಕೊಡ ಹೊತ್ತು ಈ ಏರು ನಾ ಹತ್ತಂಗಿಲ್ಲ. ನಿಮಗ ಆಗಂಗಿಲ್ಲ ಅಂದ್ರ ಹೇಳಿಬಿಡ್ರಿ. ನಮ್ಮೂರಿಗೆ ಇಳಿಯಾಕ ಎಷ್ಟೊತ್ತು?"

ಕೊಡ ಎತ್ತಿಕೊಂಡು ದಡದಡ ಇಳಿದೆ. ಹೊತ್ತು ಬರುವಾಗ ದಾರಿಯುದ್ದಕ್ಕೂ ಈ ನೆಲದ ಜನ್ಮ ಜಾಲಾಡಬೇಕೆಂದಿದ್ದೆ. ಅರ್ಧ ಏರಿಗೇ ಬಯ್ಯಲು ಉಸಿರು ಉಳಿಯಲಿಲ್ಲ.