ಜಾರದ ಸ್ಕೀ ಉಂಟಾ?

ಹಿಮ ನೋಡಬೇಕೆಂದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಕಾದ ಈ ದೇಶದಲ್ಲಿ, ಸ್ಕೀ ಮಾರುವವರೆಲ್ಲ ಹೆದರುವ ಒಬ್ಬರು ಮನುಷ್ಯರಿದ್ದಾರೆ. ಅವರು ನನ್ನ ಸೋದರಮಾವ! ಸ್ಕೀ ಎಂದರೆ ಗೊತ್ತಲ್ಲ, ಹಿಮದ ಇಳಿಜಾರಿನಲ್ಲಿ ಸರ್ರನೆ ಜಾರುವುದಕ್ಕೆ ಕಾಲಿಗೆ ಸಿಕ್ಕಿಸಿಕೊಳ್ಳುವ ಉದ್ದನೆಯ ಪಟ್ಟಿಗಳು. ಜಾರುವುದಕ್ಕೆಂದೇ ಹುಟ್ಟಿದ ವಸ್ತು. ಮಾವ ಮಾತ್ರ ಅಂಗಡಿಯಿಂದ ಅಂಗಡಿಗೆ ಹೋಗಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಜಾರದ ಸ್ಕೀ ಉಂಟಾ?"

ತಪ್ಪು ಅವರದಲ್ಲ, ಕಸುಬಿನದು. ಅಬುಧಾಬಿಯ ಬನಿಯಾಸ್‌ನಲ್ಲಿ ಇಪ್ಪತ್ತು ವರ್ಷಗಳಿಂದ ಟೈರ್ ಅಂಗಡಿ ಇಟ್ಟುಕೊಂಡವರು. ಅವರ ಪ್ರಕಾರ ಲೋಕದಲ್ಲಿ ಎರಡೇ ಜಾತಿ, ಗ್ರಿಪ್ ಇರುವವರು ಮತ್ತು ಇಲ್ಲದವರು. ಮದುವೆಗೆ ಹೋದರೆ ಊಟದ ಹಾಲ್‌ಗಿಂತ ಮೊದಲು ಪಾರ್ಕಿಂಗಿಗೆ ಹೋಗಿ, ಸಾಲಾಗಿ ನಿಂತ ಕಾರುಗಳ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಒಮ್ಮೆ ಮದುಮಗನ ಕಾರಿನ ಟೈರ್ ಬೋಳಾಗಿತ್ತೆಂದು, ಅಕ್ಷತೆ ಹಾಕಿದ ಮೇಲೆ, "ಈ ಸಂಬಂಧ ಬೇಡ ಇತ್ತು" ಎಂದಿದ್ದರು!

ನಾನಿರುವುದು ಅವರ ಮನೆಯಲ್ಲೇ. ಹಗಲು ಅಲ್ ರೀಮ್ ಐಲ್ಯಾಂಡಿನ ಆಫೀಸಿನಲ್ಲಿ ದುಡಿಮೆ, ಸಂಜೆ ಮನೆಯಲ್ಲಿ ಮಿಮಿಕ್ರಿ. ಮಾವನ ಮಿಮಿಕ್ರಿಯನ್ನು ಮಾವನೆದುರೇ ಮಾಡುತ್ತೇನೆ. ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ: ಕಡಲ ತೀರದವನೆಂದು ಎದೆ ಉಬ್ಬಿಸಿಕೊಂಡು ತಿರುಗುವ ನನಗೆ ಮೊಣಕಾಲು ಮುಳುಗುವಷ್ಟು ನೀರಿನಲ್ಲೂ ಈಜು ಬರುವುದಿಲ್ಲ.

ಕತೆ ಶುರುವಾದದ್ದು ಒಂದು ಫಾರ್ಮಿನಿಂದ. ಮಾವನ ಮಗಳು ಪ್ರಾಪ್ತಿ, ಹತ್ತನೇ ಕ್ಲಾಸು. ಅವಳ ಶಾಲೆಯವರು ಐದು ದಿನ ಜಾರ್ಜಿಯಾ ದೇಶದ ಹಿಮದ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾರಂತೆ, ಸ್ಕೀ ಕಲಿಸುತ್ತಾರಂತೆ. ತಂದೆಯ ಸೈನ್ ಬೇಕು, ಮುಂದಿನ ಗುರುವಾರ ಕೊನೆಯ ದಿನ. ಮಾವ ಫಾರ್ಮನ್ನು ಎರಡೂ ಬದಿ ತಿರುಗಿಸಿ ನೋಡಿ ತೀರ್ಪು ಕೊಟ್ಟರು.

"ಮೊದಲು ಸ್ಕೀ, ಮತ್ತೆ ಸೈನ್."

"ಪಪ್ಪಾ, ದೆ ಗಿವ್ ಇಟ್ ದೇರ್! ಆನ್ ರೆಂಟ್!"

"ಬಾಡಿಗೆ ಟೈರ್ ಹಾಕಿ ಯಾರಾದ್ರೂ ಬೆಟ್ಟ ಹತ್ತುದುಂಟಾ?"

"ನಿಮಗೆ ಕಳಿಸ್ಲಿಕ್ಕೆ ಮನಸ್ಸಿಲ್ಲ, ಅದಕ್ಕೆ ಸ್ಕೀಯ ನೆಪ" ಎಂದರು ಅತ್ತೆ, ಮೀನಿನ ಸಾರು ಬಡಿಸುತ್ತ. ಮಾವ ಫಾರ್ಮನ್ನು ಮಡಚಿ ಜೇಬಿಗಿಳಿಸಿದರು. ಪ್ರಾಪ್ತಿ ರಪ್ಪನೆ ರೂಮಿನ ಬಾಗಿಲು ಹಾಕಿಕೊಂಡಳು.

ಶನಿವಾರ ದುಬೈಗೆ ಸವಾರಿ ಹೊರಟಿತು. ಎರಡು ಸಣ್ಣ ಅಂಗಡಿ ಮುಗಿಸಿ ಮೂರನೆಯದಕ್ಕೆ ಬಂದೆವು; ದೊಡ್ಡ ಅಂಗಡಿ, ಗೋಡೆಯುದ್ದಕ್ಕೂ ನೂರಾರು ಸ್ಕೀ. ಫಿಲಿಪಿನೋ ಹುಡುಗನೊಬ್ಬ ನಗುತ್ತ ಬಂದ. ಪಾಪ, ಅವನಿಗೇನು ಗೊತ್ತು? ಮಾವ ಒಂದು ಸ್ಕೀಯನ್ನು ಮಗುಚಿ ಅಂಗೈಯಿಂದ ಸವರಿ ಹೌಹಾರಿದರು.

"ಮೈ ಫ್ರೆಂಡ್! ನೋ ಗ್ರಿಪ್! ಫುಲ್ ಬೋಳು! ಯೂಸ್ಡ್ ಪೀಸಾ?"

"ಬ್ರ್ಯಾಂಡ್ ನ್ಯೂ ಸರ್. ಇಟ್ ಮಸ್ಟ್ ಸ್ಲೈಡ್, ಸರ್."

"ಸ್ಲೋ ಸ್ಲೈಡ್ ಹ್ಯಾವ್?"

ಆಮೇಲೆ ತಾರೀಕಿನ ತಪಾಸಣೆ. ಟೈರಿನ ಮೈಮೇಲೆ ಅದು ಯಾವ ವರ್ಷದ ಎಷ್ಟನೇ ವಾರ ತಯಾರಾಯಿತೆಂದು ಅಚ್ಚೊತ್ತಿರುತ್ತದೆ. ಹಳೆಯದಾದರೆ ಇಲ್ಲಿ ಗಾಡಿಯ ತಪಾಸಣೆಯೇ ಪಾಸಾಗುವುದಿಲ್ಲ. ಮಾವ ಕನ್ನಡಕ ಏರಿಸಿ ಹನ್ನೊಂದು ಜೊತೆ ಸ್ಕೀಗಳ ಮೇಲೆ ಆ ವಾರವನ್ನು ಹುಡುಕಿದರು. ಸಿಗಲಿಲ್ಲ. "ಹುಟ್ಟಿದ ದಿನವೇ ಗೊತ್ತಿಲ್ಲದ ಮಾಲು. ಖಲಾಸ್!" ಎಂದು ಹೊರಬಂದರು. ಪ್ರಾಪ್ತಿ ಅಷ್ಟರಲ್ಲಿ ಎರಡು ಅಂಗಡಿ ಆಚೆ ಹೋಗಿ, ಈ ಮನುಷ್ಯ ಯಾರೋ ಗೊತ್ತೇ ಇಲ್ಲವೆಂಬಂತೆ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಅದನ್ನು ಮಾವನೂ ನೋಡಿದರು. ಗುರುವಾರಕ್ಕೆ ಐದೇ ದಿನ.

ಮಂಗಳವಾರ ನಾನೇ ಒಂದು ಉಪಾಯ ಹುಡುಕಿದೆ. ನನ್ನ ಆಫೀಸಿನ ಪಕ್ಕದ ಟವರಿನಲ್ಲಿ ದೇಶ ಬಿಟ್ಟು ಹೋಗುತ್ತಿದ್ದ ಆಸ್ಟ್ರಿಯಾದ ಹೆಂಗಸೊಬ್ಬರು ಮಗಳ ಹಳೆಯ ಸ್ಕೀ ಮಾರುತ್ತಿದ್ದರು. ಮಾವ ಅವರ ಮನೆಯೊಳಗೆ ಕಾಲಿಟ್ಟವರೇ, "ಎನಿ ಆಕ್ಸಿಡೆಂಟ್, ಮೇಡಂ?" ಎಂದರು. ಇನ್ನು ಗಾಡಿಯ ನೋಂದಣಿ ಕಾರ್ಡನ್ನೂ ಕೇಳುತ್ತಾರೇನೋ ಎಂದು ನಾನು ಅವರ ಕಾಲು ಮೆಟ್ಟಿದೆ. ಆ ಹೆಂಗಸು ನಗಲಿಲ್ಲ. ಮಗಳ ಎತ್ತರ ಕೇಳಿದರು. ಮಾವ ತಮ್ಮ ಕಿವಿಯ ಮಟ್ಟಕ್ಕೆ ಕೈಯಿಟ್ಟು ತೋರಿಸಿದರು. ಹೊಸದಾಗಿ ಕಲಿಯುವವರಿಗೆ ಸ್ಕೀ ಗಲ್ಲದವರೆಗೆ ಬಂದರೆ ಸಾಕು, ಉದ್ದವಾದಷ್ಟೂ ತಿರುಗಿಸುವುದು ಕಷ್ಟ, ಮತ್ತೆ ಸ್ವಲ್ಪ ಮೆತ್ತಗೆ ಬಾಗುವಂಥದ್ದಿರಬೇಕು ಎಂದು ಆಕೆ ವಿವರಿಸಿದರು. ಕೊನೆಗೆ, "ಅಡಿಭಾಗ ನೋಡಬೇಡಿ, ಅಂಚು ನೋಡಿ" ಎಂದರು.

ಮಾವ ಅಂಚಿನ ಉಕ್ಕಿನ ಪಟ್ಟಿಯ ಮೇಲೆ ಹೆಬ್ಬೆರಳು ಎಳೆದರು. ಬೆರಳು ಕೊಯ್ದು ರಕ್ತ ಬಂತು. ಅವರ ಮುಖ ಹುಣ್ಣಿಮೆಯಂತೆ ಅರಳಿತು!

"ಅಳಿಯಾ! ಗ್ರಿಪ್ಪು ಅಡಿಯಲ್ಲಿಲ್ಲ ಮಾರಾಯ, ಬದಿಯಲ್ಲುಂಟು!"

ಜಾರುವಾಗ ಎರಡೂ ಸ್ಕೀಗಳ ಮೂತಿ ಹತ್ತಿರ ತಂದು ಹಿಂಬದಿ ಅಗಲಿಸಿದರೆ ಆ ಅಂಚು ಹಿಮವನ್ನು ಕಚ್ಚಿ ನಿಲ್ಲಿಸುತ್ತದೆಯಂತೆ. ಮಾವ ಸ್ಕೀಯನ್ನೂ ಅದರ ಬೂಟನ್ನೂ ಕೊಂಡರು. ಇನ್ನು ಸೈನ್ ಹಾಕುತ್ತಾರೆಂದು ನೀವೂ ಅಂದುಕೊಂಡಿರಾ? ನಾವೂ ಅಂದುಕೊಂಡಿದ್ದೆವು.

"ಟೆಸ್ಟ್ ಡ್ರೈವ್ ಆಗ್ಲಿಲ್ಲ."

ಬುಧವಾರ ಸಂಜೆ ಅಂಗಡಿಯ ಹಿಂದೆ ಗಾಡಿ ಹತ್ತಿಸುವ ಇಳಿಜಾರು ಹಲಗೆಗೆ ಮಾವ ಎರಡು ಬಕೆಟ್ ಸೋಪಿನ ನೀರು ಸುರಿದರು. ಟೈರನ್ನು ರಿಮ್ಮಿಗೆ ಕೂರಿಸಲು ಹಚ್ಚುವ ಅದೇ ನೀರು. ಮಗಳ ಬೂಟಿನೊಳಗೆ ಅವರ ಕಾಲು ಹೋಗಬೇಕಲ್ಲ? ಹಳೆಯ ಟ್ಯೂಬಿನ ಪಟ್ಟಿಯಿಂದ ಸ್ಕೀಯನ್ನು ಚಪ್ಪಲಿಗೇ ಬಿಗಿದುಕೊಂಡರು. ಅತ್ತೆ ದೇವರ ಹೆಸರು ಹೇಳತೊಡಗಿದರು. ಪ್ರಾಪ್ತಿ, "ಪಪ್ಪಾ, ಡೋಂಟ್!" ಎಂದಳು. ಮಾವ ಹೊರಟೇಬಿಟ್ಟರು.

ಉಕ್ಕಿನ ಅಂಚು ಹಿಮವನ್ನು ಕಚ್ಚೀತು, ಸೋಪಿನ ನೀರನ್ನು ಕಚ್ಚೀತೇ? ಮಾವ ಸರ್ರನೆ ಇಳಿದು ನೇರವಾಗಿ ಹಳೆಯ ಟೈರುಗಳ ರಾಶಿಯೊಳಗೆ ಮಾಯವಾದರು. ಮೇಲಿನ ನಾಲ್ಕು ಟೈರು ಉರುಳಿ ರಸ್ತೆಗೆ ಹೋದವು. ನಾವು ಓಡಿದೆವು. ಟೈರುಗಳ ಒಳಗಿನಿಂದ ಕಿಲಕಿಲ ನಗು ಕೇಳಿಸಿತು. ಐವತ್ತನಾಲ್ಕು ವರ್ಷದ ಗಂಟಲಿನಿಂದ ನಾಲ್ಕು ವರ್ಷದ ನಗು!

"ಎತ್ತು ಅಳಿಯಾ... ಇನ್ನೊಂದ್ಸಲ."

ಮೂರು ಸಲ ಜಾರಿದರು. ಮೂರನೆಯ ಸಲ ಪ್ರಾಪ್ತಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಗುತ್ತಿದ್ದಳು. "ಇಷ್ಟು ಮಜಾ ಉಂಟಂತ ಮೊದಲೇ ಹೇಳ್ಬಾರ್ದಾ?" ಎಂದರು ಮಾವ. "ಐ ಟ್ರೈಡ್, ಪಪ್ಪಾ!"

ಗುರುವಾರ ಬೆಳಿಗ್ಗೆ ಫಾರ್ಮು ಊಟದ ಮೇಜಿನ ಮೇಲಿತ್ತು. ಸೈನ್ ಬಿದ್ದಿತ್ತು. ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬ ಜಾಗದಲ್ಲಿ ನನ್ನ ನಂಬರ್ ಇತ್ತು.

"ಮಾವಾ, ಇಲ್ಲಿ ನಿಮ್ಮ ನಂಬರ್ ಬರೀಬೇಕು. ಬಿದ್ದದ್ದರಲ್ಲಿ ತಲೆಯ ಗಾಳಿ ಹೋಯ್ತಾ?"

ಮಾವ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಗೊತ್ತುಂಟು ಮಾರಾಯ. ಫೋನ್ ನಂಗೆ ಬಂದ್ರೆ, ಅವರು ಹಲೋ ಅನ್ನುವಷ್ಟರಲ್ಲಿ ನನ್ನ ಕೈಕಾಲು ಬಿದ್ದುಹೋಗ್ತದೆ. ನೀನು ತಕೊ. ನೀನು ಎಂತದ್ದೇ ಆದ್ರೂ ನಗಾಡಿಕೊಂಡು ಹೇಳ್ತಿ. ಹಾಗೆ ಹೇಳಿದ್ರೆ ನಂಗೆ ತಡ್ಕೊಳ್ಲಿಕ್ಕೆ ಆಗ್ತದೆ."

ಪ್ರಾಪ್ತಿ ಬೆಟ್ಟದ ಮೇಲಿದ್ದ ಆ ಐದು ದಿನ ನಾನು ಫೋನನ್ನು ಬಚ್ಚಲಿಗೂ ಒಯ್ದೆ. ಕ್ರೆಡಿಟ್ ಕಾರ್ಡ್ ಮಾರುವವರು ಫೋನ್ ಮಾಡಿದರೂ ಧಡಕ್ಕನೆ ಎದ್ದು ನಿಲ್ಲುತ್ತಿದ್ದೆ. ಪ್ರತಿ ಸಲ ರಿಂಗಾದಾಗಲೂ ಮಾವ ಪೇಪರಿನ ಹಿಂದಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಅದಕ್ಕೇ ಪ್ರತಿ ಸಲವೂ ನಾನು ಮೊದಲು ನಕ್ಕೆ, ಆಮೇಲೆ ಹಲೋ ಎಂದೆ.