ಜೀವಿಬಾ ಅವರು ಬರೋಡಾದಲ್ಲಿ ಇಳಿದಿಲ್ಲವೆಂಬ ಬಗ್ಗೆ

ಇಲಾಖೆಯ ವಲಯ ಕಚೇರಿ, ಅಹಮದಾಬಾದ್
ಸುತ್ತೋಲೆ ಸಂಖ್ಯೆ: ಆಕಾಶ/ಭೂಮಿ/೧೪/೬೭
ದಿನಾಂಕ: ೩ ಜುಲೈ ೧೯೬೭

ವಿಷಯ: ಚಿಕ್ಕ ಊರುಗಳ ವಿಮಾನ ನಿಲ್ದಾಣಗಳಿಂದ ವಿದೇಶ ಸಂಚಾರ ನಡೆಸುವ ಕಾರ್ಯಸಾಧ್ಯತೆ, ತತ್ಸಂಬಂಧವಾಗಿ ಹಗ್ಗ, ಉಪ್ಪಿಟ್ಟು ಹಾಗೂ ಅಜ್ಜಿಯಂದಿರ ಕುರಿತು ಸೂಚನೆಗಳು.

ಉಲ್ಲೇಖ:
(೧) ಅಹಮದಾಬಾದ್, ಬರೋಡಾ ಮತ್ತು ಸೂರತ್‌ಗಳಿಂದ ಹೊರದೇಶಕ್ಕೆ ವಿಮಾನ ಬಿಟ್ಟರೆ ನಡೆದೀತೇ ಎಂದು ಕೇಳಿದ ಕೇಂದ್ರ ಕಚೇರಿಯ ಪತ್ರ.
(೨) ಮೇಲಿನ ಪತ್ರಕ್ಕೆ ಉತ್ತರವೇಕಿಲ್ಲ ಎಂದು ಕೇಳಿದ ಪತ್ರ.
(೩) ಬರೋಡಾ ನಿಲ್ದಾಣಾಧಿಕಾರಿಯ ವಿವರಣೆ. (ಐದನೆಯ ಪುಟದಲ್ಲಿ ಒಗ್ಗರಣೆ ಎಣ್ಣೆಯ ಕಲೆ ಇದೆ. ಓದಲು ಅಡ್ಡಿಯಿಲ್ಲ.)

೧. ಈ ಸುತ್ತೋಲೆಯನ್ನು ಮೊದಲು ಇಂಗ್ಲಿಷಿನಲ್ಲಿ ಹೊರಡಿಸಲಾಗಿತ್ತು. ಆದರೆ ಇದರಲ್ಲಿ ಮುಖ್ಯವಾಗಿ ಎಚ್ಚರಿಕೆ ನೀಡಬೇಕಾಗಿರುವ ಶ್ರೀಮತಿ ರಮಾಮಣಿಯವರು (ಬರೋಡಾ ನಿಲ್ದಾಣಾಧಿಕಾರಿ ಶ್ರೀ ಭೀಮಸೇನರ ಪತ್ನಿ, ಇಲಾಖೆಯ ನೌಕರರಲ್ಲ) ಅದನ್ನು “ಬಂದು ಮುಟ್ಟೇದ, ತಿಳದಿಲ್ಲ” ಎಂಬ ಷರಾದೊಂದಿಗೆ ಹಿಂದಿರುಗಿಸಿರುತ್ತಾರೆ. ವಲಯದ ಸಿಬ್ಬಂದಿಯಲ್ಲಿ ಮೈಸೂರು ರಾಜ್ಯದಿಂದ ವರ್ಗವಾಗಿ ಬಂದವರೇ ಹೆಚ್ಚಾಗಿರುವುದರಿಂದ ಇದನ್ನು ಕನ್ನಡದಲ್ಲಿ ಮರುಹೊರಡಿಸಲಾಗಿದೆ. ಇನ್ನು ಮುಂದೆ ‘ತಿಳಿಯಲಿಲ್ಲ’ ಎಂಬ ಷರಾವನ್ನು ಸ್ವೀಕರಿಸಲಾಗುವುದಿಲ್ಲ.

೨. ಘಟನೆಯ ವಿವರ ಹೀಗಿದೆ. ಕಳೆದ ತಿಂಗಳು ನೈರೋಬಿಯಿಂದ ಏಡನ್ ಮಾರ್ಗವಾಗಿ ಮುಂಬಯಿಗೆ ಹೊರಟಿದ್ದ ವಿದೇಶಿ ವಿಮಾನವೊಂದು ಮುಂಬಯಿಯ ಮಳೆಯಲ್ಲಿ ಇಳಿಯಲಾರದೆ ಉತ್ತರಕ್ಕೆ ತಿರುಗಿತು. ಅಹಮದಾಬಾದಿನ ಓಡುದಾರಿಗೆ ಅಂದು ಡಾಂಬರು ಹಾಕಲಾಗುತ್ತಿತ್ತು. ಆದ್ದರಿಂದ ವಿಮಾನವು ಬೆಳಿಗ್ಗೆ ಬರೋಡಾದಲ್ಲಿ ಇಳಿಯಿತು. ಬರೋಡಾಕ್ಕೆ ಹೊರದೇಶದ ವಿಮಾನ ಬಂದದ್ದು ಇದೇ ಮೊದಲು. ಕಾರ್ಯಸಾಧ್ಯತೆಯ ಪರಿಶೀಲನೆಗೆಂದು ಈ ಕೆಳಗೆ ಸಹಿ ಮಾಡಿರುವವರು (ಇನ್ನು ಮುಂದೆ ‘ಸಹಿದಾರರು’) ಅದೇ ದಿನ ಅಲ್ಲಿಗೆ ಬಂದಿದ್ದು ಕೇವಲ ಆಕಸ್ಮಿಕ. ಅವರಿಗೆ ಉಪ್ಪಿಟ್ಟಿನ ಮುನ್ಸೂಚನೆ ಇತ್ತೆಂಬ ವದಂತಿಯನ್ನು ಅಲ್ಲಗಳೆಯಲಾಗಿದೆ.

೩. ಬರೋಡಾದಲ್ಲಿ ಕಸ್ಟಮ್ಸ್ ಇಲ್ಲ, ಪಾಸ್‌ಪೋರ್ಟಿಗೆ ಮೊಹರು ಹಾಕುವವರೂ ಇಲ್ಲ. ಇವೆರಡೂ ಇಲ್ಲದ ಕಡೆ ಪ್ರಯಾಣಿಕರು ದೇಶದೊಳಗೆ ಬಂದಂತಾಗುವುದಿಲ್ಲ. ಹೊರಗೂ ಹೋಗಿಲ್ಲವಾದ್ದರಿಂದ ಅವರು ಇನ್ನೂ ಆಕಾಶದಲ್ಲಿಯೇ ಇರುವರೆಂದು ಭಾವಿಸತಕ್ಕದ್ದು. ಈ ಪ್ರಕಾರ ನಿರೀಕ್ಷಣಾ ಕೊಠಡಿಯ ಅರ್ಧಕ್ಕೆ ಬಾವಿಯ ಹಗ್ಗ ಕಟ್ಟಲಾಗಿ, ಹಗ್ಗದ ಆಚೆಗಿನ ಭಾಗವನ್ನು ಆಕಾಶವೆಂದೂ ಈಚೆಗಿನದನ್ನು ಬರೋಡಾ ಎಂದೂ ಘೋಷಿಸಲಾಯಿತು. ಫ್ಯಾನು ಆಕಾಶದ ಕಡೆಗೆ ಇತ್ತು. ಸಿಬ್ಬಂದಿ ಪದೇ ಪದೇ ಆ ಕಡೆ ಹೋಗಿ ನಿಂತದ್ದನ್ನು ಅನುಮತಿಯಿಲ್ಲದ ವಿದೇಶ ಪ್ರಯಾಣವೆಂದು ಪರಿಗಣಿಸಲಾಗಿದೆ.

೪. ಪ್ರಯಾಣಿಕರು ಹಸಿದಿದ್ದರು. ನಿಲ್ದಾಣದಲ್ಲಿ ಕ್ಯಾಂಟೀನ್ ಇಲ್ಲದ್ದರಿಂದ ಶ್ರೀಮತಿ ರಮಾಮಣಿಯವರು ಕ್ವಾರ್ಟರ್ಸಿನಲ್ಲಿ ಉಪ್ಪಿಟ್ಟು ಮಾಡಿ ದೊಡ್ಡ ಪಾತೇಲಿಯಲ್ಲಿ ತಂದು ಹಗ್ಗದ ಮೇಲಿಂದ ಬಡಿಸಿದರು. ಲೈಸೆನ್ಸಿಲ್ಲದೆ ಮಾಡಿದ ಈ ರಫ್ತನ್ನು ಇಲಾಖೆಯು ಗಂಭೀರವಾಗಿ ತೆಗೆದುಕೊಂಡಿದೆ. ಸಹಿದಾರರೂ ಗಂಭೀರವಾಗಿಯೇ ಎರಡು ಬಾರಿ ತೆಗೆದುಕೊಂಡರು.

೫. ಪ್ರಯಾಣಿಕರಲ್ಲಿ ಜೀವಿಬಾ ಎಂಬ ವೃದ್ಧೆ ಇದ್ದರು. ಮಗನ ಮನೆಯಲ್ಲಿರಲೆಂದು ನೈರೋಬಿಗೆ ಹೋಗಿದ್ದ ಬರೋಡಾದವರೇ. ಅವರು ಉಪ್ಪಿಟ್ಟು ಮುಟ್ಟದೆ ಹಗ್ಗ ಹಿಡಿದು ನಿಂತಿದ್ದರು. ಶ್ರೀ ಭೀಮಸೇನರೊಂದಿಗೆ ನಡೆದ ಅವರ ಸಂಭಾಷಣೆಯನ್ನು ಉಲ್ಲೇಖ (೩)ರಿಂದ ಯಥಾವತ್ತಾಗಿ ಕೆಳಗೆ ಕೊಡಲಾಗಿದೆ. ಭಾಷಾಂತರ ಶ್ರೀ ಭೀಮಸೇನರದೇ ಆದ್ದರಿಂದ ಜೀವಿಬಾ ಅವರ ಗುಜರಾತಿಯು ಧಾರವಾಡದ ಕಡೆಗೆ ವಾಲಿದೆ.

“ಮಗನs, ನನ್ನ ಮೊಮ್ಮಗಳು ಹಂಸಾನ ಮದಿವಿ ಇವತ್ತ ಮಧ್ಯಾಹ್ನ, ಇಲ್ಲೇ ಮಂಜಲ್‌ಪುರದಾಗ. ಏಡನ್ನಾಗ ವಿಮಾನ ಕೆಟ್ಟು ಎರಡು ದಿನ ಕೂಡಿಸಿದ್ರು. ಮದಿವಿ ತಪ್ಪಿತು ಅಂತ ಅತ್ತು ಮುಗಿಸಿದ್ದೆ. ಈಗ ದೇವರು ವಿಮಾನದ ಕಿವಿ ಹಿಂಡಿ ನಮ್ಮೂರಾಗs ಇಳಿಸ್ಯಾನ. ನೀ ಬ್ಯಾಡ ಅಂತೀಯೇನು?”

“ನಾ ಬ್ಯಾಡ ಅನ್ನಂಗಿಲ್ಲ ಅವ್ವಾ, ಕಾನೂನು ಅಂತದ. ನೀವು ಇನ್ನೂ ಇಳಿದಿಲ್ಲ.”

“ಇಳಿದಿಲ್ಲ? ಮತ್ತ ನಾ ಎಲ್ಲೆ ನಿಂತೀನಿ?”

“ಆಕಾಶದಾಗ.”

ಜೀವಿಬಾ ಅವರು ಕೆಳಗೆ ನೋಡಿದರು. ಅಲ್ಲಿ ಸಿಮೆಂಟು ಇತ್ತು.

೬. ಮುಂಬಯಿಗೆ ಹೋಗಿ ಇಳಿದು, ಮೊಹರು ಹಾಕಿಸಿಕೊಂಡು, ರೈಲು ಹಿಡಿದು ಮರುದಿನ ಇದೇ ಬರೋಡಾಕ್ಕೆ ಬರುವುದು ಕ್ರಮವೆಂದು ಅವರಿಗೆ ವಿವರಿಸಲಾಯಿತು. ಆಗ ಅವರು ಸೀರೆಯ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಶ್ರೀಮತಿ ರಮಾಮಣಿಯವರು ಸೌಟು ಹಿಡಿದೇ ಮಧ್ಯೆ ಪ್ರವೇಶಿಸಿ, “ಅಲ್ರೀ, ಆ ಹಗ್ಗ ಒಂದು ಗಳಿಗಿ ಎತ್ತಿದ್ರ ಆಕಾಶ ಕಳಚಿ ಬೀಳತದೇನು?” ಎಂದು ಪತಿಯನ್ನು ಕೇಳಿದರು. “ಆಕಾಶ ಬೀಳಂಗಿಲ್ಲ, ನನ್ನ ನೌಕರಿ ಬೀಳತದ” ಎಂದು ಶ್ರೀ ಭೀಮಸೇನರು ಉತ್ತರಿಸಿದರು. ನಂತರ ಇಬ್ಬರೂ ಸಹಿದಾರರ ಕಡೆಗೆ ನೋಡಿದರು. ಮೇಲಧಿಕಾರಿಗಳನ್ನು ಈ ರೀತಿ ನೋಡುವುದನ್ನು ಇನ್ನು ಮುಂದೆ ನಿಷೇಧಿಸಲಾಗಿದೆ.

೭. ಸಹಿದಾರರು ಯೋಚಿಸಿ, ಊರಿನಲ್ಲಿ ಕಸ್ಟಮ್ಸಿಗೆ ಹತ್ತಿರದ ಸಂಬಂಧಿಯೆನ್ನಬಹುದಾದ ಒಬ್ಬರೇ ಅಧಿಕಾರಿಗೆ ಫೋನು ಮಾಡಿದರು. ಅವರು ಶ್ರೀ ವೆಂಕಟಾಚಲ, ತುಮಕೂರಿನವರು, ತಂಬಾಕಿನ ಸುಂಕದ ಇನ್‌ಸ್ಪೆಕ್ಟರು. ಕೂಡಲೇ ಜೀಪಿನಲ್ಲಿ ಬಂದರು, ವಿಷಯ ಕೇಳಿ ತಲೆ ಕೆರೆದುಕೊಂಡರು.

“ನನಗೆ ಅಧಿಕಾರ ಇರೋದು ಹೊಗೆಸೊಪ್ಪಿನ ಮೇಲೆ ಮಾತ್ರ ಸಾರ್. ಮನುಷ್ಯರನ್ನ ನಾನು ಪಾಸ್ ಮಾಡೋಕಾಗಲ್ಲ” ಎಂದರು. ಬಂದದ್ದಕ್ಕೆ ಏನಾದರೂ ಕೆಲಸ ಮಾಡಬೇಕೆಂದು ಹಗ್ಗದ ಬಳಿ ಹೋಗಿ, ಯಾರ ಹತ್ತಿರವಾದರೂ ತಂಬಾಕು ಇದೆಯೇ ಎಂದು ಹಿಂದಿಯಲ್ಲಿ ಕೂಗಿದರು. ಸುಂಕದ ಭಯಕ್ಕೆ ಎಲ್ಲರೂ ಸುಮ್ಮನಿದ್ದರು. ಜೀವಿಬಾ ಅವರು ಮಾತ್ರ ಸೆರಗು ಸರಿಸಿ, ಸೊಂಟದಿಂದ ಒಂದು ಹಿತ್ತಾಳೆ ಡಬ್ಬಿ ತೆಗೆದು ಎತ್ತಿ ಹಿಡಿದರು. ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ.

“ನನ್ನ ಹತ್ರ ಅದ. ಭಾಳ ಅದ. ನನ್ನ ಹಿಡಕೊಂಡು ಹೋಗು!”

೮. ತಂಬಾಕನ್ನು ತೂಗದೆ ಬಿಡುವಂತಿಲ್ಲ. ತಕ್ಕಡಿ ಇರುವುದು ಮಕರ್‌ಪುರಾದ ಕಚೇರಿಯಲ್ಲಿ. ಮಕರ್‌ಪುರಾದ ದಾರಿ ಮಂಜಲ್‌ಪುರದ ಮೇಲೆಯೇ ಹೋಗುತ್ತದೆ; ಇದನ್ನು ಇಲಾಖೆ ನಿರ್ಮಿಸಿದ್ದಲ್ಲ. ತೂಗುವಾಗ ಮಾಲೀಕರು ಹಾಜರಿರಬೇಕೆಂದು ನಿಯಮವಿದೆ. ಆದರೆ ಮಾಲೀಕರು ಆಕಾಶದಲ್ಲಿದ್ದಾರೆಂಬುದು ಶ್ರೀ ಭೀಮಸೇನರ ಆಕ್ಷೇಪ. ಇದಕ್ಕೆ ಶ್ರೀ ವೆಂಕಟಾಚಲರು, “ಹಾಗಾದ್ರೆ ಮಾಲೀಕರು ಅಂತ ಬೇಡ. ಡಬ್ಬಿ ಸೊಂಟದಲ್ಲಿತ್ತಲ್ಲ? ಅಜ್ಜೀನ ಪ್ಯಾಕಿಂಗ್ ಅಂತ ಬರಕೋತೀನಿ” ಎಂದು ಪರಿಹಾರ ಸೂಚಿಸಿದರು. ಪ್ಯಾಕಿಂಗ್‌ಗೆ ಪಾಸ್‌ಪೋರ್ಟ್ ಬೇಕಿಲ್ಲ. ಆದರೂ ಪ್ಯಾಕಿಂಗಿನ ಕಾಲು ನೆಲಕ್ಕೆ ತಾಗಕೂಡದು, ತಾಗಿದರೆ ಇಳಿದಂತಾಗುತ್ತದೆ ಎಂಬ ಷರತ್ತನ್ನು ಶ್ರೀ ಭೀಮಸೇನರು ಹಾಕಿದರು. ಜೀವಿಬಾ ಅವರನ್ನು ಎತ್ತಿ ಜೀಪಿನಲ್ಲಿ ಕೂರಿಸಿ, ಷರತ್ತು ಕಾಯಲು ತಾವೂ ಹತ್ತಿದರು.

೯. ಹಗ್ಗವನ್ನು ಎತ್ತಿದವರು ಯಾರೆಂದು ತನಿಖೆ ಮಾಡಲಾಯಿತು. ಅದು ಗಾಳಿಗೆ ಎದ್ದಿತೆಂದು ನಮೂದಿಸಿಕೊಳ್ಳಲಾಗಿದೆ. ಗಾಳಿಯು ಅಂದು ಸಹಿದಾರರು ನಿಂತಿದ್ದ ದಿಕ್ಕಿನಿಂದ ಬೀಸುತ್ತಿತ್ತು.

೧೦. ಮಂಜಲ್‌ಪುರದ ಬಳಿ ಜೀಪಿನ ಮುಂದೆ ವರನ ಮೆರವಣಿಗೆಯೇ ಅಡ್ಡ ಬಂದಿತು. ದಾಟಿ ಹೋಗಲು ಜಾಗವಿರಲಿಲ್ಲ. ಹೀಗಾಗಿ ವಧುವಿನ ಅಜ್ಜಿ ವರನ ಕಡೆಯವರ ಜೊತೆ, ಬ್ಯಾಂಡಿನ ಹಿಂದೆ, ಸರ್ಕಾರಿ ಜೀಪಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತ ಮದುವೆಗೆ ಬಂದರು. ಸೋದರಳಿಯಂದಿರು ನಾಲ್ವರು ಅವರನ್ನು ಜೀಪಿನಿಂದ ನೇರವಾಗಿ ಕುರ್ಚಿಯೊಂದಕ್ಕೆ ಇಳಿಸಿಕೊಂಡು, ಕುರ್ಚಿಯ ಸಮೇತ ಎತ್ತಿ ಮಂಟಪಕ್ಕೆ ಒಯ್ದರು. ಶ್ರೀ ಭೀಮಸೇನರು ಪಕ್ಕದಲ್ಲೇ ಬಗ್ಗಿ, ಅವರ ಪಾದಗಳನ್ನೇ ನೋಡುತ್ತ ನಡೆದರು. ನೆರೆದವರು ಇದನ್ನು ವಿಶೇಷ ಭಕ್ತಿಯೆಂದು ತಿಳಿದರು.

ಅಜ್ಜಿಯನ್ನು ಕಂಡ ವಧು ಹಂಸಾ, ಮೆಹಂದಿಯ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ, “ಅಜ್ಜೀ, ನೀವು ಬಂದೇಬಿಟ್ರಾ!” ಎಂದಳು.

“ಬಂದಿಲ್ಲ ಮಗಳs, ಇನ್ನೂ ಮ್ಯಾಲೇ ಇದ್ದೀನಿ. ಕಾನೂನು ಹಂಗದ. ಲಗೂನ ಬಗ್ಗು, ಆಶೀರ್ವಾದ ಮಾಡತೀನಿ.”

ಇಲ್ಲಿ ಶ್ರೀ ಭೀಮಸೇನರ ಕಣ್ಣುಗಳು ತಾಂತ್ರಿಕ ಕಾರಣಗಳಿಂದ ಮಂಜಾದವು. ಕೆಲವು ಕ್ಷಣ ಪಾದಗಳ ಮೇಲೆ ನಿಗಾ ಇರಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ.

೧೧. ನೆಲದ ಮೇಲಿದ್ದ ವಧುವು ಆಕಾಶದಲ್ಲಿದ್ದ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದ್ದರಿಂದ, ವಧುವಿನ ಮೂಲಕ ಅಜ್ಜಿಯು ಭೂಮಿಗೆ ಇಳಿದಂತಾಯಿತೇ ಎಂಬ ಪ್ರಶ್ನೆ ಉದ್ಭವಿಸಿದೆ. ವಿದ್ಯುತ್ತಿನ ವಿಷಯದಲ್ಲಿ ಹಾಗಾಗುವುದೆಂದು ಲೈನ್‌ಮನ್ ಒಬ್ಬರು ತಿಳಿಸಿದ್ದಾರೆ. ಅಜ್ಜಿಯ ವಿಷಯದಲ್ಲಿ ಅಭಿಪ್ರಾಯ ಕೊಡಲು ನಿರಾಕರಿಸಿದ್ದಾರೆ.

೧೨. ಇತ್ತ ಮುಂಬಯಿಯಲ್ಲಿ ಮಳೆ ನಿಂತ ಸುದ್ದಿ ಬಂದು ಕಪ್ತಾನರು ಹೊರಡುವ ಆತುರದಲ್ಲಿದ್ದರು. ಎಣಿಸಿದಾಗ ಒಬ್ಬರು ಕಡಿಮೆ. ಎಲ್ಲಿ ಎಂದು ಸಹಿದಾರರನ್ನು ಕೇಳಿದರು. ತಂಬಾಕಿನ ತನಿಖೆಯಲ್ಲಿದ್ದಾರೆಂದು ಹೇಳಲಾಯಿತು. ತನಿಖೆ ಗಂಭೀರವೇ ಎಂದು ಮತ್ತೆ ಕೇಳಿದರು. ಊಟಕ್ಕೆ ಕೂತಿದ್ದರೆ ಗಂಭೀರವೆಂದು ಸಹಿದಾರರು ಉತ್ತರಿಸಿದರು. ವಿಮಾನ ಅವರನ್ನು ಬಿಟ್ಟು ಹೋದರೆ ಜೀವಿಬಾ ಅವರು ಎಂದೆಂದಿಗೂ ಆಕಾಶದಲ್ಲಿಯೇ ಉಳಿಯುವರೆಂಬ ಆತಂಕವಿತ್ತು. ಪರಿಸ್ಥಿತಿಯನ್ನು ಶ್ರೀಮತಿ ರಮಾಮಣಿಯವರು ನಿಭಾಯಿಸಿದರು. ಕಪ್ತಾನರಿಗೆ ಫಿಲ್ಟರ್ ಕಾಫಿ ಕೊಟ್ಟು, ಲೋಟ ಖಾಲಿಯಾಗುವ ಮೊದಲೇ ತುಂಬುತ್ತ ಹೋದರು. ಲೋಟ ಖಾಲಿ ಮಾಡದೆ ಏಳುವುದು ನಮ್ಮ ಕಡೆ ಅಪಶಕುನವೆಂದೂ ಹೇಳಿಸಿದರು. ಇಂತಹ ಶಕುನ ಇಲಾಖೆಯ ಗಮನಕ್ಕೆ ಹಿಂದೆ ಬಂದಿರಲಿಲ್ಲ.

೧೩. ಕೊನೆಗೂ ಜೀಪು ಧೂಳೆಬ್ಬಿಸುತ್ತ ಬಂದಿತು. ಜೀವಿಬಾ ಅವರ ಮಡಿಲಲ್ಲಿ ಲಾಡುಗಳ ಬುಟ್ಟಿಯಿತ್ತು. ಶ್ರೀ ವೆಂಕಟಾಚಲರು ಸಲ್ಲಿಸಿದ ವರದಿಯಂತೆ, ಮಕರ್‌ಪುರಾದಲ್ಲಿ ತೂಗಲು ಡಬ್ಬಿ ತೆರೆದಾಗ ಅದು ಖಾಲಿಯಾಗಿತ್ತು. ಸಂತೋಷ ತಡೆಯಲಾರದೆ ಜೀವಿಬಾ ಅವರು ದಾರಿಯುದ್ದಕ್ಕೂ ಹಲ್ಲಿಗೆ ತಿಕ್ಕಿಕೊಂಡು ಮುಗಿಸಿದ್ದರು. ತಂಬಾಕು ಇಲ್ಲದ್ದರಿಂದ ಪ್ರಕರಣವಿಲ್ಲ. ಪ್ರಕರಣವಿಲ್ಲದ್ದರಿಂದ ಪ್ಯಾಕಿಂಗ್ ಇಲ್ಲ. ಆದ್ದರಿಂದ ಜೀವಿಬಾ ಅವರು ಎಲ್ಲಿಗೂ ಹೋಗಿರಲೇ ಇಲ್ಲ.

ವಿಮಾನದ ಮೆಟ್ಟಿಲು ಹತ್ತುವ ಮೊದಲು ಅವರು ಶ್ರೀಮತಿ ರಮಾಮಣಿಯವರನ್ನು ಬಹಳ ಹೊತ್ತು ಅಪ್ಪಿಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಇದಕ್ಕೆ ಅನ್ವಯಿಸುವ ನಿಯಮ ಸಿಗದ ಕಾರಣ ಹಾಗೆಯೇ ಬಿಡಲಾಗಿದೆ.

೧೪. ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಚಿಕ್ಕ ನಿಲ್ದಾಣಗಳಿಗೆ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಆಕಾಶಕ್ಕೆ ಬಳಸಿದ ಹಗ್ಗವನ್ನು ಅದೇ ದಿನ ಬಾವಿಗೆ ಮರಳಿಸತಕ್ಕದ್ದು.

(ಆ) ಮೊಮ್ಮಕ್ಕಳ ಮದುವೆ ಇರುವ ಅಜ್ಜಿಯಂದಿರು ಮುಹೂರ್ತಕ್ಕೆ ಸಾಕಷ್ಟು ಮುಂಚಿತವಾಗಿ ದಾರಿ ತಪ್ಪತಕ್ಕದ್ದು.

(ಇ) ಆಕಾಶದಲ್ಲಿರುವವರು ಉಪ್ಪಿಟ್ಟಿಗೆ ನಿಂಬೆಹಣ್ಣು ಕೇಳಿದರೆ ಅದನ್ನು ವಿದೇಶೀ ಬೇಡಿಕೆಯೆಂದು ಪ್ರತ್ಯೇಕವಾಗಿ ದಾಖಲಿಸತಕ್ಕದ್ದು.

(ಈ) ಒಬ್ಬ ಅಜ್ಜಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಪ್ಯಾಕಿಂಗ್ ಎಂದು ಬಳಸಕೂಡದು.

೧೫. ಉಲ್ಲೇಖ (೧)ಕ್ಕೆ ಉತ್ತರ: ಅಹಮದಾಬಾದಿನಲ್ಲಿ ಪ್ರಯಾಣಿಕರಿಗೆ ಕೊರತೆಯಿಲ್ಲ, ಆದರೆ ಒಬ್ಬರನ್ನು ಕಳುಹಿಸಲು ಒಂದು ಬಸ್ಸಿನಷ್ಟು ಬಂಧುಗಳು ಹಾರ ಹಿಡಿದು ಬರುವುದರಿಂದ ನಿಲ್ದಾಣವನ್ನು ಮೊದಲು ಅವರಿಗಾಗಿ ಕಟ್ಟಬೇಕು. ಸೂರತ್ತಿನಲ್ಲಿ ಜರಿ ವ್ಯಾಪಾರಿಗಳು ಈಗಲೇ ಹೊರಡಲು ಸಿದ್ಧರಿದ್ದಾರೆ. ನಿಲ್ದಾಣ ಇನ್ನೂ ಮೈದಾನದ ಹಂತದಲ್ಲಿದೆ. ಬರೋಡಾಕ್ಕೆ ವಿದೇಶಿ ವಿಮಾನ ಬರುವುದಿಲ್ಲವಾದ್ದರಿಂದ ಅಲ್ಲಿ ಕಸ್ಟಮ್ಸ್ ಇಲ್ಲ. ಕಸ್ಟಮ್ಸ್ ಇಲ್ಲದ್ದರಿಂದ ವಿದೇಶಿ ವಿಮಾನ ಬರುವುದಿಲ್ಲ. ಈ ವ್ಯವಸ್ಥೆಯು ತೃಪ್ತಿಕರವಾಗಿ ನಡೆಯುತ್ತಿದೆ. ಸಹಿದಾರರ ಸ್ವಂತ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಕೇಳಿದ್ದರೆ, ನಡೆದೀತು ಎಂದು ಹೇಳುತ್ತಿದ್ದರು.

೧೬. ಶ್ರೀ ಭೀಮಸೇನರಿಗೆ ಎಚ್ಚರಿಕೆ ನೀಡಿ, ಅದೇ ಲಕೋಟೆಯಲ್ಲಿ ಬಡ್ತಿಯ ಶಿಫಾರಸನ್ನೂ ಕಳುಹಿಸಲಾಗಿದೆ. ಸಹಿದಾರರಿಂದಲೂ ವಿವರಣೆ ಕೇಳಲಾಯಿತು. ಕೇಳಬೇಕಾದ ಅಧಿಕಾರಿ ಅವರೇ ಆಗಿದ್ದುದರಿಂದ ಉತ್ತರವು ಸಮರ್ಪಕವಾಗಿತ್ತು.

೧೭. ಕೊನೆಯದಾಗಿ, ಈ ಸಂಗತಿ ಹೊರಬಿದ್ದದ್ದು ಹೇಗೆಂದು ಹಲವರು ವಿಚಾರಿಸಿದ್ದಾರೆ. ಅಂದು ಸಂಜೆ ಜೀವಿಬಾ ಅವರು ಮುಂಬಯಿಯಲ್ಲಿ ಕ್ರಮಬದ್ಧವಾಗಿ ಇಳಿದು ಮೊಹರಿಗೆ ನಿಂತಾಗ ಅಲ್ಲಿನ ಅಧಿಕಾರಿ ರೂಢಿಯಂತೆ ಪ್ರಶ್ನೆ ಕೇಳಿದರು. ಆ ಅಧಿಕಾರಿ ನಮಗೆ ಬರೆದ ಪತ್ರದಲ್ಲಿ ಪ್ರಶ್ನೋತ್ತರ ಹೀಗಿದೆ:

“ಭಾರತಕ್ಕೆ ಬಂದ ಉದ್ದೇಶ?”

“ಮೊಮ್ಮಗಳ ಮದುವೆ.”

“ಮದುವೆ ಎಂದು?”

“ಈಗಷ್ಟೇ ಮುಗಿಸಿಕೊಂಡು ಬಂದೆ.”

ಆ ಅಧಿಕಾರಿ ಮೊಹರು ಹಾಕಿ, ತಮ್ಮ ಪಾಲಿನ ಲಾಡು ಪಡೆದಿರುತ್ತಾರೆ.

(ಸಹಿ)
ಹರಿಪ್ರಸಾದ
ಉಪ ನಿಯಂತ್ರಕರು (ಪ್ರಭಾರ)

ಪ್ರತಿಗಳು:
೧. ಶ್ರೀ ಭೀಮಸೇನ, ಬರೋಡಾ: ಪಾಲನೆಗಾಗಿ.
೨. ಶ್ರೀಮತಿ ರಮಾಮಣಿ, ಬರೋಡಾ: ಅವಗಾಹನೆಗಾಗಿ. ಸಹಿದಾರರು ಮುಂದಿನ ವಾರ ಮತ್ತೆ ಪರಿಶೀಲನೆಗೆ ಬರಲಿದ್ದಾರೆಂಬುದನ್ನು ಗಮನಿಸುವುದು.
೩. ಶ್ರೀ ವೆಂಕಟಾಚಲ: ಅವರು ನಮ್ಮ ಇಲಾಖೆಯವರಲ್ಲವೆಂಬ ವಿಷಾದದೊಂದಿಗೆ.
೪. ಜೀವಿಬಾ, ಮಂಜಲ್‌ಪುರ: ಓದಿ ಹೇಳಿಸಿಕೊಳ್ಳುವುದಕ್ಕಾಗಿ.
೫. ಹವಾಮಾನ ಕಚೇರಿ, ಮುಂಬಯಿ: ಮಳೆಗೆ ಧನ್ಯವಾದ ಸಲ್ಲಿಸುವ ಪದ್ಧತಿ ನಮ್ಮ ಇಲಾಖೆಯಲ್ಲಿ ಇಲ್ಲವೆಂದು ತಿಳಿಸುತ್ತ.